20,000 ಪುಸ್ತಕದ ಲೆಕ್ಕ

ಕಳೆದ ಸಂಚಿಕೆಯಲ್ಲಿ ಮಾತಿನ ನಡುವೆ "ನಮ್ಮ ಎರಡು ವರ್ಷದ ಕಾಲೇಜುಗಳ ಲೈಬ್ರರಿಯನ್‌ಗಳ ಸಂಘ" ಅಂತ ಒಂದು ಸಾಲು ಬರೆದಿದ್ದೆ. ಅದನ್ನೇ ಹಿಡಿದುಕೊಂಡು ಸಾಕಷ್ಟು ಪತ್ರಗಳು ಬಂದಿವೆ. ಪುಸ್ತಕಗಳ ಬಗ್ಗೆ ಬರೆದಾಗ ಇಷ್ಟು ಪತ್ರ ಬರುವುದಿಲ್ಲ. ಸಂಘ, ಅದರೊಳಗಿನ ಜಗಳ ಅಂದರೆ ಕುತೂಹಲ ಜಾಸ್ತಿ, ಅಲ್ವಾ? ಈ ಸಲ ಪೂರ್ತಿ ಅದೇ ವಿಷಯ. ನಾನು ಕೆಲಸ ಮಾಡಿ ನಿವೃತ್ತಳಾದದ್ದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಶಿಕಾಗೋ ಹೊರವಲಯದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ. ಉತ್ತರಗಳು ಆ ಕಡೆಗೆ ಸ್ವಲ್ಪ ವಾಲಿದ್ದರೆ ಸಹಿಸಿಕೊಳ್ಳಿ.

ಪ್ರಶ್ನೆ: ಅಮೆರಿಕದಲ್ಲಿ ಎಲ್ಲ ಲೈಬ್ರರಿಯನ್‌ಗಳಿಗೂ ಸೇರಿ ದೊಡ್ಡ ಸಂಘ ಇದ್ದೇ ಇದೆಯಲ್ಲ ಮೇಡಂ, ಕಮ್ಯುನಿಟಿ ಕಾಲೇಜಿನವರಿಗೆ ಮತ್ತೆ ಬೇರೆ ಯಾಕೆ? ಅಷ್ಟಕ್ಕೂ ಕಮ್ಯುನಿಟಿ ಕಾಲೇಜು ಅಂದರೇನು?
(ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿನಿ)

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಕಮ್ಯುನಿಟಿ ಕಾಲೇಜು ಅಂದರೆ ಎರಡು ವರ್ಷದ ಕಾಲೇಜು. ಮೊದಲು ಇದನ್ನು ಜೂನಿಯರ್ ಕಾಲೇಜು ಅನ್ನುತ್ತಿದ್ದರು. ಇವುಗಳಲ್ಲಿ ಇಂದಿಗೂ ನಡೆಯುತ್ತಿರುವ ಅತ್ಯಂತ ಹಳೆಯ ಸರ್ಕಾರಿ ಕಾಲೇಜು ನಮ್ಮ ಇಲಿನಾಯ್‌ನ ಜೋಲಿಯೆಟ್ ಊರಿನದು. ಶುರುವಾದದ್ದು 1901ರಲ್ಲಿ. ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಮತ್ತು ಜೋಲಿಯೆಟ್ ಹೈಸ್ಕೂಲಿನ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಸೇರಿ ಮಾಡಿದ ಯೋಜನೆ ಅದು. ಡಿಗ್ರಿಯ ಮೊದಲ ಎರಡು ವರ್ಷದ ಪಾಠವನ್ನು ಹೈಸ್ಕೂಲಿನಲ್ಲೇ ಮುಂದುವರಿಸೋಣ, ಆಮೇಲೆ ಬೇಕಾದವರು ವಿಶ್ವವಿದ್ಯಾಲಯಕ್ಕೆ ಬರಲಿ ಅನ್ನುವುದು ಲೆಕ್ಕಾಚಾರ. ಮೊದಲ ತಂಡದಲ್ಲಿ ಇದ್ದದ್ದು 6 ವಿದ್ಯಾರ್ಥಿಗಳು. ಈಗ ದೇಶದಲ್ಲಿ ಇಂಥ ಕಾಲೇಜುಗಳು ಸುಮಾರು ಒಂದು ಸಾವಿರ ಇವೆ.

ಇಲ್ಲಿ ಓದುವವರು ಯಾರು ಅಂತ ಗೊತ್ತಾದರೆ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಸಿಗುತ್ತದೆ. ನನ್ನ ಕೌಂಟರಿನ ಮುಂದೆ ಒಂದೇ ಸಂಜೆ ನಿಂತಿರುತ್ತಿದ್ದವರಲ್ಲಿ ನರ್ಸಿಂಗ್ ಹುಡುಗಿ ಇರುತ್ತಿದ್ದಳು, ವೆಲ್ಡಿಂಗ್ ಕಲಿಯುವವನು ಇರುತ್ತಿದ್ದ, ಫ್ಯಾಕ್ಟರಿ ಮುಚ್ಚಿ ಕೆಲಸ ಕಳೆದುಕೊಂಡ ಐವತ್ತರ ಗಂಡಸು ಇರುತ್ತಿದ್ದ, ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವ ಅಜ್ಜಿಯೂ ಇರುತ್ತಿದ್ದರು. ಒಬ್ಬರಿಗೆ ಮೂಳೆಗಳ ಮಾದರಿ ಬೇಕು. ಇನ್ನೊಬ್ಬರಿಗೆ ಪೌರತ್ವದ ಪರೀಕ್ಷೆಯ ಪುಸ್ತಕ. ಮತ್ತೊಬ್ಬರಿಗೆ ತಾವು ಏನು ಕೇಳಬೇಕು ಅನ್ನುವುದೇ ಗೊತ್ತಿಲ್ಲ. ದೊಡ್ಡ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರಕ್ಕೆ ಒಬ್ಬ ಲೈಬ್ರರಿಯನ್, ನಕ್ಷೆಗಳಿಗೆ ಇನ್ನೊಬ್ಬ ಅಂತ ಇರುತ್ತಾರೆ. ನಮ್ಮಲ್ಲಿ ಒಬ್ಬರೋ ಇಬ್ಬರೋ ಸೇರಿ ಪುಸ್ತಕ ಕೊಳ್ಳಬೇಕು, ಕ್ಯಾಟಲಾಗ್ ಮಾಡಬೇಕು, ಕ್ಲಾಸಿಗೆ ಹೋಗಿ ಪಾಠ ಹೇಳಬೇಕು, ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನೂ ತೆಗೆಯಬೇಕು. ಹಸ್ತಪ್ರತಿಗಳ ರಕ್ಷಣೆಯ ಬಗ್ಗೆ ಭಾಷಣ ಕೇಳಿ ನಾವೇನು ಮಾಡೋಣ? ಪಕ್ಕದ ಜಿಲ್ಲೆಯ ಕಾಲೇಜಿನಲ್ಲಿ ನಮ್ಮ ಹಾಗೇ ಒಂಟಿಯಾಗಿ ಒದ್ದಾಡುವವರ ಜೊತೆ ಕೂತು ಮಾತಾಡಿದರೆ ಉಪಯೋಗ.

ಪ್ರಶ್ನೆ: ಈ ಸಂಘ ಯಾವಾಗ ಹುಟ್ಟಿತು? ಸ್ಥಾಪಕರು ಯಾರು?
(ನಿವೃತ್ತ ಅಧ್ಯಾಪಕರು)

ಗೋಡೆಗೆ ಫೋಟೊ ಹಾಕಿ ಹಾರ ಹಾಕುವಂಥ ಸ್ಥಾಪಕರು ಇಲ್ಲ ಸರ್. ಇದು ದೊಡ್ಡ ಸಂಘದ ಒಳಗಿನಿಂದ ಮೆಲ್ಲಗೆ ಬೇರೆಯಾಗಿ ಬೆಳೆದದ್ದು.

ದೊಡ್ಡದು ಅಂದರೆ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್. 1876ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾದಲ್ಲಿ 103 ಜನ ಸೇರಿ ಕಟ್ಟಿದರು. ಅವರಲ್ಲಿ ಹೆಂಗಸರು 13. ಆಗ ಜೂನಿಯರ್ ಕಾಲೇಜು ಅನ್ನುವುದೇ ಇರಲಿಲ್ಲ. ಆಮೇಲೆ ಕಾಲೇಜುಗಳು ಬಂದವು. ಸಂಘ ಕಟ್ಟುವುದರಲ್ಲಿ ನಮಗಿಂತ ಕಾಲೇಜಿನ ಆಡಳಿತದವರೇ ಮುಂದು. 1920ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆಯೇ ಅವರ ಸಭೆ ಕರೆಯಿತು. ಅದರಿಂದ ಅಮೆರಿಕನ್ ಅಸೋಸಿಯೇಷನ್ ಆಫ್ ಜೂನಿಯರ್ ಕಾಲೇಜಸ್ ಹುಟ್ಟಿತು. ಆ ಸಭೆಯ ಹಿಂದೆ ಓಡಾಡಿದ ಅಧಿಕಾರಿ ಜಾರ್ಜ್ ಝೂಕ್. ಇದೇ ಝೂಕ್ 1947ರಲ್ಲಿ ಅಧ್ಯಕ್ಷ ಟ್ರೂಮನ್ ಅವರ ಉನ್ನತ ಶಿಕ್ಷಣ ಆಯೋಗದ ಮುಖ್ಯಸ್ಥರಾಗಿದ್ದರು. 'ಕಮ್ಯುನಿಟಿ ಕಾಲೇಜು' ಅನ್ನುವ ಹೆಸರು ದೇಶದ ತುಂಬ ಹರಡಿದ್ದು ಆ ಆಯೋಗದ ವರದಿಯಿಂದ.

ಲೈಬ್ರರಿಯನ್‌ಗಳು 1930ರ ಸುಮಾರಿಗೆ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನ ಸಮ್ಮೇಳನಗಳಲ್ಲಿ ಜೂನಿಯರ್ ಕಾಲೇಜ್ ರೌಂಡ್ ಟೇಬಲ್ ಅಂತ ಒಂದು ಗುಂಪಾಗಿ ಸೇರುತ್ತಿದ್ದರು. 1938ರಲ್ಲಿ ಕಾಲೇಜು ಲೈಬ್ರರಿಗಳಿಗೆಲ್ಲ ಸೇರಿ ಎಸಿಆರ್‌ಎಲ್ (ಈಗಿನ ಪೂರ್ತಿ ಹೆಸರು ಅಸೋಸಿಯೇಷನ್ ಆಫ್ ಕಾಲೇಜ್ ಅಂಡ್ ರಿಸರ್ಚ್ ಲೈಬ್ರರೀಸ್) ಎಂಬ ದೊಡ್ಡ ಶಾಖೆ ಆಯಿತು. ನಮ್ಮವರು ಅದರಲ್ಲಿ ಒಂದು ವಿಭಾಗವಾದರು. ಈಗ ಅದರ ಹೆಸರು ಕಮ್ಯುನಿಟಿ ಅಂಡ್ ಜೂನಿಯರ್ ಕಾಲೇಜ್ ಲೈಬ್ರರೀಸ್ ಸೆಕ್ಷನ್. ಅಂದರೆ ಸಂಘದೊಳಗೆ ಶಾಖೆ, ಶಾಖೆಯೊಳಗೆ ವಿಭಾಗ. ಕೂಡು ಕುಟುಂಬದ ಮನೆಯಲ್ಲಿ ಹಿತ್ತಿಲ ಕಡೆಯ ಕೋಣೆ ಸಿಕ್ಕ ಹಾಗೆ. ಸೂರು ಗಟ್ಟಿ, ಊಟಕ್ಕೆ ಕೊರತೆ ಇಲ್ಲ, ಆದರೆ ಹಜಾರದಲ್ಲಿ ಏನು ತೀರ್ಮಾನವಾಯಿತು ಅನ್ನುವುದು ನಮಗೆ ತಡವಾಗಿ ಗೊತ್ತಾಗುತ್ತದೆ. ಎಸಿಆರ್‌ಎಲ್ ಹೆಸರಿನ 'ಆರ್' ಮೊದಲು ರೆಫರೆನ್ಸ್ ಆಗಿತ್ತು. 1950ರ ದಶಕದ ಕೊನೆಗೆ ಅದು ರಿಸರ್ಚ್ ಆಯಿತು. ನಮ್ಮ ಕಾಲೇಜುಗಳಲ್ಲಿ ರಿಸರ್ಚ್ ನಡೆಯುವುದಿಲ್ಲ. ಅದು ಯಾರ ಮನೆ ಅಂತ ಆ ಒಂದು ಬದಲಾವಣೆಯಲ್ಲೇ ತಿಳಿಯುತ್ತದೆ.

ಪ್ರಶ್ನೆ: ದಶಮಾಂಶ ವರ್ಗೀಕರಣದ ಡ್ಯೂಯಿಗೂ ನಿಮ್ಮ ಸಂಘಕ್ಕೂ ಸಂಬಂಧ ಇದೆಯೇ?

ಪುಸ್ತಕಗಳಿಗೆ ವಿಷಯವಾರು ಅಂಕಿ ಕೊಟ್ಟು ಜೋಡಿಸುವ ಪದ್ಧತಿ ಮಾಡಿದ ಮೆಲ್ವಿಲ್ ಡ್ಯೂಯಿ, 1876ರ ಫಿಲಡೆಲ್ಫಿಯಾ ಸಭೆಯನ್ನು ಮುಂದೆ ನಿಂತು ನಡೆಸಿದವರಲ್ಲಿ ಒಬ್ಬರು. ಅಷ್ಟರ ಮಟ್ಟಿಗೆ ಇದೆ. ಹೆಂಗಸರ ಜೊತೆ ಅವರ ನಡತೆ ಮತ್ತು ಅವರ ಜನಾಂಗ ದ್ವೇಷದ ಕಾರಣಕ್ಕೆ 2019ರಲ್ಲಿ ಸಂಘವೇ ತನ್ನ ಪದಕದಿಂದ ಅವರ ಹೆಸರು ತೆಗೆದುಹಾಕಿತು. ಸರಿಯಾಗಿಯೇ ಮಾಡಿದರು. ಸ್ವಲ್ಪ ತಡವಾಯಿತು, ಅಷ್ಟೆ.

ಪ್ರಶ್ನೆ: ಸಭೆ, ಊಟ, ಗ್ರೂಪ್ ಫೋಟೊ ಬಿಟ್ಟು ಇಂಥ ಸಂಘಗಳು ಏನಾದರೂ ಮಾಡಿದ್ದುಂಟೇ? ನೇರವಾಗಿ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.
(ಬ್ಯಾಂಕಿನಿಂದ ನಿವೃತ್ತರಾದ ಓದುಗರು)

ತಪ್ಪೇನೂ ಇಲ್ಲ. ಫೋಟೊಗಳು ಬೇಕಾದಷ್ಟಿವೆ. ಅದರಾಚೆ ಎರಡು ಕೆಲಸ ಮಾಡಿದ್ದಾರೆ. ಒಂದು, ಯಾವ ಪುಸ್ತಕ ಕೊಳ್ಳಬೇಕು ಅನ್ನುವ ಪಟ್ಟಿ. ಎರಡು, ಎಷ್ಟು ಇರಬೇಕು ಅನ್ನುವ ಲೆಕ್ಕ. ಎರಡನೆಯದೇ ಈ ಸಂಘದ ನಿಜವಾದ ಚರಿತ್ರೆ ಅಂತ ನನ್ನ ಅಭಿಪ್ರಾಯ. ಆದರೂ ಪಟ್ಟಿಯಿಂದ ಶುರು ಮಾಡುತ್ತೇನೆ.

ಹೊಸ ಕಾಲೇಜು, ಖಾಲಿ ಕಪಾಟು, ಒಬ್ಬಳೇ ಲೈಬ್ರರಿಯನ್. ಯಾವ ಪುಸ್ತಕ ಕೊಳ್ಳಬೇಕು? ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ 1931ರಲ್ಲಿ ಎಡ್ನಾ ಹೆಸ್ಟರ್ ಸಿದ್ಧಪಡಿಸಿದ ಪಟ್ಟಿಯನ್ನು ಅಚ್ಚು ಹಾಕಿತು. ಅದೇ ದಶಕದಲ್ಲಿ ಕಾರ್ನೆಗಿ ಕಾರ್ಪೊರೇಷನ್ ಅನ್ನುವ ದಾನಿ ಸಂಸ್ಥೆ ಜೂನಿಯರ್ ಕಾಲೇಜುಗಳ ಲೈಬ್ರರಿಗಳಿಗೆ ದುಡ್ಡು ಕೊಡಲು ಮುಂದೆ ಬಂತು. ಸುಮ್ನೆ ಕೊಡಲಿಲ್ಲ. ಸಲಹಾ ಸಮಿತಿ ಮಾಡಿ, ಕಾಲೇಜುಗಳನ್ನು ಪರಿಶೀಲಿಸಿ ಕೊಟ್ಟಿತು. ಆ ಕೆಲಸದಿಂದಲೇ 1937ರಲ್ಲಿ ಫಾಸ್ಟರ್ ಮೊಹ್ರಾರ್ಟ್ ಅವರ ಪಟ್ಟಿ ಬಂತು. ಈ ಮೊಹ್ರಾರ್ಟ್ ಮುಂದೆ ದೇಶದ ಕೃಷಿ ಲೈಬ್ರರಿಯ ಮುಖ್ಯಸ್ಥರಾದರು, 1960ರ ದಶಕದಲ್ಲಿ ಇಡೀ ಸಂಘದ ಅಧ್ಯಕ್ಷರೂ ಆದರು. ಪಟ್ಟಿಯ ತೊಂದರೆ ಎಂದರೆ ಅಚ್ಚಾದ ದಿನದಿಂದಲೇ ಅದು ಹಳತಾಗಲು ಶುರು. ಅದಕ್ಕೆ 1964ರಲ್ಲಿ ಎಸಿಆರ್‌ಎಲ್ 'ಚಾಯ್ಸ್' ಅನ್ನುವ ವಿಮರ್ಶೆಯ ಪತ್ರಿಕೆ ತಂದಿತು. ಕನೆಟಿಕಟ್ ರಾಜ್ಯದ ಮಿಡಲ್‌ಟೌನ್‌ನಿಂದ. ಅದರ ವಿಮರ್ಶೆಗಳು ಚಿಕ್ಕ ಕಾರ್ಡ್‌ಗಳ ಮೇಲೂ ಅಚ್ಚಾಗಿ ಬರುತ್ತಿದ್ದವು. ನಾನು ಆ ಕಾರ್ಡ್‌ಗಳನ್ನು ವಿಷಯವಾರು ಬೇರೆ ಮಾಡಿ ಅಧ್ಯಾಪಕರ ಅಂಚೆ ಗೂಡುಗಳಿಗೆ ಹಾಕುತ್ತಿದ್ದೆ. ಟಿಕ್ ಹಾಕಿ ವಾಪಸ್ ಕೊಡಿ ಅಂತ ಚೀಟಿ ಅಂಟಿಸುತ್ತಿದ್ದೆ. ಇತಿಹಾಸದವರು ಎಲ್ಲದಕ್ಕೂ ಟಿಕ್ ಹಾಕುತ್ತಿದ್ದರು. ಗಣಿತದವರ ಕಾರ್ಡ್‌ಗಳು ವಾಪಸ್ ಬಂದದ್ದು ನಾನು ಕಂಡಿಲ್ಲ.

ಈಗ ಲೆಕ್ಕದ ಕಥೆ. 1960ರಲ್ಲಿ ಎಸಿಆರ್‌ಎಲ್ ಜೂನಿಯರ್ ಕಾಲೇಜು ಲೈಬ್ರರಿಗಳಿಗೆ ಮಾನದಂಡ ಪ್ರಕಟಿಸಿತು. ಅದರಲ್ಲಿ ಖಚಿತವಾದ ಅಂಕಿ ಇತ್ತು. 1,000 ವಿದ್ಯಾರ್ಥಿಗಳವರೆಗಿನ ಕಾಲೇಜಿಗೆ ಕನಿಷ್ಠ 20,000 ಪುಸ್ತಕ ಬೇಕು. ಅದರ ಮೇಲೆ ಪ್ರತಿ 500 ವಿದ್ಯಾರ್ಥಿಗಳಿಗೆ ಇನ್ನೂ 5,000. ಒಂದೇ ಪುಸ್ತಕದ ಎರಡನೇ ಪ್ರತಿ, ಪಠ್ಯಪುಸ್ತಕ ಲೆಕ್ಕಕ್ಕಿಲ್ಲ. ಕಾಲೇಜಿನ ಶೈಕ್ಷಣಿಕ ಖರ್ಚಿನಲ್ಲಿ ಶೇ. 5 ಆದರೂ ಲೈಬ್ರರಿಗೆ ಹೋಗಬೇಕು.

ಬಹಳಷ್ಟು ಕಾಲೇಜುಗಳು ಆ ಗೆರೆಯ ಹತ್ತಿರವೂ ಇರಲಿಲ್ಲ. ಲೈಬ್ರರಿಯನ್‌ಗಳಿಗೆ ಹಬ್ಬ, ಕಾಲೇಜಿನ ಅಧ್ಯಕ್ಷರಿಗೆ ತಲೆನೋವು. ನಮ್ಮನ್ನು ಕೇಳದೆ ನಮ್ಮ ಬಜೆಟ್ ಬರೆಯಲು ಇವರು ಯಾರು ಅನ್ನುವುದು ಅವರ ಸಿಟ್ಟು. ನ್ಯಾಯವಾಗಿ ನೋಡಿದರೆ ಅವರದೂ ಪೂರ್ತಿ ತಪ್ಪಲ್ಲ. ಯಾಕೆಂದರೆ ಅದೇ ದಶಕದಲ್ಲಿ ಕಾಲೇಜುಗಳು ಮಳೆಗಾಲದ ಅಣಬೆಯಂತೆ ಎದ್ದವು. 1960ರ ದಶಕ ಒಂದರಲ್ಲೇ 457 ಸರ್ಕಾರಿ ಕಮ್ಯುನಿಟಿ ಕಾಲೇಜುಗಳು ತೆರೆದವು. ಹೆಚ್ಚುಕಡಿಮೆ ವಾರಕ್ಕೊಂದು. ಪ್ರತಿಯೊಂದಕ್ಕೂ ಬಾಗಿಲು ತೆರೆಯುವ ದಿನವೇ 20,000 ಪುಸ್ತಕ ಎಲ್ಲಿಂದ ತರುವುದು? 1965ರ ಉನ್ನತ ಶಿಕ್ಷಣ ಕಾಯಿದೆಯಲ್ಲಿ ಲೈಬ್ರರಿ ಸಾಮಗ್ರಿಗೆ ಅಂತ ಕೇಂದ್ರದ ಅನುದಾನ ಬಂತು. ಒಂದು ಕಾಲೇಜಿಗೆ ಮೂಲ ಅನುದಾನ 5,000 ಡಾಲರ್‌ವರೆಗೆ, ಅಷ್ಟೇ ಮೊತ್ತ ಕಾಲೇಜೂ ಹಾಕಬೇಕು. ಚಿಕ್ಕ ಕಾಲೇಜಿಗೆ ಅದು ದೊಡ್ಡ ದುಡ್ಡು.

ಕೊನೆಗೆ ಎರಡೂ ಕಡೆಯವರು ಒಂದೇ ಮೇಜಿಗೆ ಬಂದರು. ಮೂರನೆಯವರಾಗಿ ಆಡಿಯೋ ವಿಷುವಲ್‌ನವರ ಸಂಘವೂ ಸೇರಿತು. ಆಗ ಲೈಬ್ರರಿ ಎಂಬ ಬೋರ್ಡ್ ತೆಗೆದು 'ಲರ್ನಿಂಗ್ ರಿಸೋರ್ಸ್ ಸೆಂಟರ್' ಅಂತ ಬರೆಸುವ ಕಾಲ. ಪುಸ್ತಕದ ಪಕ್ಕದಲ್ಲೇ ಟೇಪ್, ಸ್ಲೈಡ್, ಫಿಲ್ಮ್ ಎಲ್ಲ. ಮೂರು ಸಂಘಗಳೂ ಒಪ್ಪಿ 1972ರಲ್ಲಿ ಮಾರ್ಗಸೂಚಿ ತಂದವು. ಈ ಕೆಲಸದಲ್ಲಿ ಮುಂಚೂಣಿಯಲ್ಲಿದ್ದವರು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ ಕಾಲೇಜಿನ ಲೈಬ್ರರಿಯನ್ ಜೇಮ್ಸ್ ವ್ಯಾಲೇಸ್. ಮೂರು ಕಡೆಯವರನ್ನೂ ಒಪ್ಪಿಸುವುದು ಅಂದರೆ ಏನಾಗುತ್ತದೆ ಅಂತ ಸಮಿತಿಗಳಲ್ಲಿ ಕೂತವರಿಗೆ ಗೊತ್ತು. ಅಂಕಿಗಳು ಮಾಯವಾದವು. 'ಸಾಕಷ್ಟು', 'ತಕ್ಕಮಟ್ಟಿಗೆ' ಅನ್ನುವ ಮಾತುಗಳು ಬಂದವು.

ಆದರೆ ಊರೂರಿನ ಲೈಬ್ರರಿಯನ್‌ಗಳು ಸುಮ್ಮನಾಗಲಿಲ್ಲ. ಸಾಕಷ್ಟು ಅಂದರೆ ಎಷ್ಟು? ಬಜೆಟ್ ಸಭೆಯಲ್ಲಿ ಕೇಳುವ ಪ್ರಶ್ನೆಯೇ ಅದು. 1979ರಲ್ಲಿ ಅಂಕಿಗಳಿಗಾಗಿಯೇ ಬೇರೆ ಹೇಳಿಕೆ ಹೊರಬಂತು. 1990ರಲ್ಲಿ ಇನ್ನೂ ಗಟ್ಟಿಯಾದ ಮಾನದಂಡ ಬಂತು. ಅದರ ಕೋಷ್ಟಕಗಳಲ್ಲಿ ಎರಡು ಕಾಲಂ. ಒಂದು 'ಕನಿಷ್ಠ', ಇನ್ನೊಂದು 'ಅತ್ಯುತ್ತಮ'. ವಿದ್ಯಾರ್ಥಿಗಳ ಸಂಖ್ಯೆಯ ಸಾಲು ಹುಡುಕಿ ಬೆರಳಿಟ್ಟರೆ ನಿಮ್ಮ ಲೈಬ್ರರಿಗೆ ಎಷ್ಟು ಜನ, ಎಷ್ಟು ಪುಸ್ತಕ ಬೇಕು ಅಂತ ಅಲ್ಲೇ ಸಿಗುತ್ತಿತ್ತು.

ಆ ಕೋಷ್ಟಕದ ಬೆಲೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ನಮ್ಮ ಕಾಲೇಜಿನಲ್ಲಿ ಸಂಜೆಯ ಹೊತ್ತು ವಿದ್ಯಾರ್ಥಿ ಸಹಾಯಕರನ್ನು ಬಿಟ್ಟು ಯಾರೂ ಇರುತ್ತಿರಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಹಗಲು ಕೆಲಸ ಮಾಡಿ ಸಂಜೆ ಕ್ಲಾಸಿಗೆ ಬರುವವರು, ಲೈಬ್ರರಿಯನ್ ಬೇಕಾದದ್ದು ಅವರಿಗೇ. ಡೀನ್ ಬಳಿ ಎಷ್ಟು ಸಲ ಹೇಳಿದರೂ "ನೋಡೋಣ". ಕೊನೆಗೆ ಆ ಕೋಷ್ಟಕದ ಜೆರಾಕ್ಸ್ ತೆಗೆದು, ನಮ್ಮ ಸಾಲಿಗೆ ಹಳದಿ ಬಣ್ಣ ಬಳಿದು, ಬಜೆಟ್ ಸಭೆಯಲ್ಲಿ ಎಲ್ಲರ ಮುಂದೆ ಒಂದೊಂದು ಪ್ರತಿ ಇಟ್ಟೆ. ಅತ್ಯುತ್ತಮದ ಕಾಲಂ ಮುಟ್ಟಲೇ ಇಲ್ಲ. ಕನಿಷ್ಠವನ್ನಷ್ಟೇ ತೋರಿಸಿದೆ. ನಾನು ಹೇಳಿದರೆ ಅದು ನನ್ನ ಆಸೆ. ಅಚ್ಚಾದ ಕಾಗದ ಹೇಳಿದರೆ ಅದು ಕಾಲೇಜಿನ ಕೊರತೆ. ಆ ವರ್ಷ ಸಂಜೆಗೆ ಅರ್ಧ ಹೊತ್ತಿನ ಲೈಬ್ರರಿಯನ್ ಹುದ್ದೆ ಸಿಕ್ಕಿತು. ಪೂರ್ತಿ ಹೊತ್ತಿನದು ಕೇಳಿದ್ದೆ ಅನ್ನುವುದು ಬೇರೆ ಮಾತು.

2004ರಲ್ಲಿ ಎಸಿಆರ್‌ಎಲ್ ಆ ಅಂಕಿಗಳ ಲೆಕ್ಕವನ್ನು ಕೈಬಿಟ್ಟಿತು. ವಿಶ್ವವಿದ್ಯಾಲಯ, ನಾಲ್ಕು ವರ್ಷದ ಕಾಲೇಜು, ಎರಡು ವರ್ಷದ ಕಾಲೇಜು ಎಲ್ಲಕ್ಕೂ ಸೇರಿ ಒಂದೇ ಮಾನದಂಡ. ಕೋಷ್ಟಕ ಇಲ್ಲ. ನಿಮ್ಮಂಥ ಕಾಲೇಜುಗಳನ್ನು ನೀವೇ ಆರಿಸಿಕೊಂಡು ಹೋಲಿಸಿ ನೋಡಿ, ವಿದ್ಯಾರ್ಥಿ ಏನು ಕಲಿತ ಅನ್ನುವುದನ್ನು ಅಳೆಯಿರಿ ಅನ್ನುವ ದಾರಿ. 2011ರಲ್ಲಿ ಅದನ್ನು ಪರಿಷ್ಕರಿಸಿ 9 ತತ್ವಗಳನ್ನಾಗಿ ಮಾಡಿದರು.

ಅದರ ಹಿಂದಿನ ವಾದ ನನಗೆ ಅರ್ಥವಾಗುತ್ತದೆ. ಇ-ಪುಸ್ತಕದ ಕಾಲದಲ್ಲಿ 20,000 ಅಂತ ಎಣಿಸುವುದರಲ್ಲಿ ಅರ್ಥ ಇಲ್ಲ. ಒಂದು ಡೇಟಾಬೇಸ್‌ಗೆ ಚಂದಾ ಕಟ್ಟಿದರೆ ಒಂದೇ ದಿನದಲ್ಲಿ ಅದರ ಹತ್ತರಷ್ಟು ಬರುತ್ತದೆ. ಎಲ್ಲ ಕಾಲೇಜಿಗೂ ಒಂದೇ ಅಳತೆ ಹಿಡಿಯುವುದೂ ಸರಿಯಲ್ಲ. ಒಪ್ಪಿದೆ. ಆದರೆ ಪುಸ್ತಕದ ಲೆಕ್ಕ ಹೋದರೆ ಹೋಗಲಿ, ಜನರ ಲೆಕ್ಕ ಯಾಕೆ ಹೋಯಿತು? ದೊಡ್ಡ ವಿಶ್ವವಿದ್ಯಾಲಯದ ಲೈಬ್ರರಿಗೆ ಅಂಕಿ ಬೇಕಿಲ್ಲ. ಅದರ ನಿರ್ದೇಶಕರ ಮಾತಿಗೆ ಅಲ್ಲಿ ತೂಕ ಇದೆ. ಅಂಕಿ ಬೇಕಾಗಿದ್ದದ್ದು ಮಾತಿಗೆ ತೂಕ ಇಲ್ಲದವರಿಗೆ. ಕ್ಯಾಲಿಫೋರ್ನಿಯಾದವರು ಈ ವಿಷಯದಲ್ಲಿ ಜಾಣರು. ಅಲ್ಲಿ ಕಮ್ಯುನಿಟಿ ಕಾಲೇಜುಗಳ ರಾಜ್ಯ ನಿಯಮಾವಳಿಯಲ್ಲೇ ಒಂದು ಕೋಷ್ಟಕ ಇದೆ. ಇಷ್ಟು ವಿದ್ಯಾರ್ಥಿಗಳಿಗೆ ಇಷ್ಟು ಲೈಬ್ರರಿಯನ್ ಅಂತ. ಪಾಲಿಸುತ್ತಾರೋ ಇಲ್ಲವೋ ಆಮೇಲಿನ ಮಾತು. ಎತ್ತಿ ತೋರಿಸಲು ಒಂದು ಕಾಗದ ಇದೆಯಲ್ಲ.

ಪ್ರಶ್ನೆ: ಆ ಕಾಲದ ಅಮೆರಿಕದಲ್ಲಿ ಕಪ್ಪು ಜನರಿಗೆ ಈ ಸಂಘಗಳಲ್ಲಿ ಜಾಗ ಇತ್ತೇ? ಎಲ್ಲರಿಗೂ ಜ್ಞಾನ ಅನ್ನುವವರ ಸಂಘ ಹೇಗೆ ನಡೆದುಕೊಂಡಿತು?
(ಸಮಾಜಶಾಸ್ತ್ರ ಓದುತ್ತಿರುವ ಓದುಗರು)

ಚೆನ್ನಾಗಿ ನಡೆದುಕೊಳ್ಳಲಿಲ್ಲ. 1936ರಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನ ಸಮ್ಮೇಳನ ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ ನಡೆಯಿತು. ಕಪ್ಪು ಸದಸ್ಯರು ಸಭೆಗೆ ಬರಬಹುದು, ಆದರೆ ಬೇರೆ ಕಡೆ ಕೂರಬೇಕು. ಸಮ್ಮೇಳನದ ಹೋಟೆಲಿನಲ್ಲಿ ಕೋಣೆ ಇಲ್ಲ. ಊಟದ ಜೊತೆ ನಡೆಯುವ ಸಭೆಗಳಿಗೆ ಪ್ರವೇಶ ಇಲ್ಲ. ಗಲಾಟೆಯಾಯಿತು. ಇನ್ನು ಮುಂದೆ ಹೀಗೆ ಭೇದ ಮಾಡುವ ಊರಿನಲ್ಲಿ ಸಮ್ಮೇಳನ ಬೇಡ ಅಂತ ತೀರ್ಮಾನಿಸಿದರು. ದಕ್ಷಿಣದ ರಾಜ್ಯಗಳಿಗೆ ಸಮ್ಮೇಳನ ಮತ್ತೆ ಹೋದದ್ದು 1956ರಲ್ಲಿ, ಮಯಾಮಿ ಬೀಚ್‌ಗೆ.

ರಾಜ್ಯ ಸಂಘಗಳ ಕಥೆ ಇನ್ನೂ ಕಷ್ಟ. ಇ. ಜೆ. ಜೋಸಿ ಅಂತ ಜಾರ್ಜಿಯಾದ ಸವಾನಾ ಸ್ಟೇಟ್ ಕಾಲೇಜಿನ ಲೈಬ್ರರಿಯನ್ ಇದ್ದರು. ಕಪ್ಪು ಮನುಷ್ಯ ಅನ್ನುವ ಕಾರಣಕ್ಕೆ ಅವರ ರಾಜ್ಯದ ಸಂಘ ಅವರನ್ನು ಸೇರಿಸಿಕೊಂಡಿರಲಿಲ್ಲ. 1964ರ ಸೇಂಟ್ ಲೂಯಿಸ್ ಸಮ್ಮೇಳನದಲ್ಲಿ, ಇನ್ನೂ ಭೇದ ಮಾಡುತ್ತಿದ್ದ ಮಿಸಿಸಿಪಿ ಸಂಘಕ್ಕೆ ಗೌರವ ಸಲ್ಲಿಸಿದ್ದನ್ನು ಕಂಡು ಜೋಸಿ ಎದ್ದು ನಿಂತರು. ಭೇದ ಮಾಡುವ ರಾಜ್ಯ ಸಂಘಗಳ ಸಭೆಗಳಿಗೆ ರಾಷ್ಟ್ರೀಯ ಸಂಘದ ಪದಾಧಿಕಾರಿಗಳು ಅಧಿಕೃತವಾಗಿ ಹೋಗಬಾರದು ಅನ್ನುವ ನಿರ್ಣಯ ಮಂಡಿಸಿದರು. ಅದು ಪಾಸಾಯಿತು. ಮರು ವರ್ಷ ಜಾರ್ಜಿಯಾ ಸಂಘದ ಮೊದಲ ಕಪ್ಪು ಸದಸ್ಯ ಅವರೇ. 1970ರಲ್ಲಿ ಕಪ್ಪು ಲೈಬ್ರರಿಯನ್‌ಗಳ ಒಕ್ಕೂಟ ಶುರುಮಾಡಿದರು. 1984ರಲ್ಲಿ ಇಡೀ ಸಂಘದ ಅಧ್ಯಕ್ಷರಾದರು.

ನಮ್ಮ ಕಾಲೇಜುಗಳಿಗೇ ಸೇರಿದ ಒಂದು ಸಂಗತಿ ಇದೆ. ಫ್ಲೋರಿಡಾದಲ್ಲಿ ಕಪ್ಪು ವಿದ್ಯಾರ್ಥಿಗಳಿಗೆಂದೇ 12 ಸರ್ಕಾರಿ ಜೂನಿಯರ್ ಕಾಲೇಜುಗಳು ಇದ್ದವು. ಮೊದಲನೆಯದು 1949ರಲ್ಲಿ ಪೆನ್ಸಕೋಲಾದಲ್ಲಿ. ಉಳಿದವುಗಳಲ್ಲಿ ಹೆಚ್ಚಿನವು 1957ರ ನಂತರ ತೆರೆದವು. ಶಾಲೆಗಳಲ್ಲಿ ಭೇದ ಕೂಡದು ಅಂತ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿ ಆಗಿತ್ತು ಅನ್ನುವುದನ್ನು ನೆನಪಿಡಿ. 1960ರ ದಶಕ ಮುಗಿಯುವ ಮೊದಲೇ ಎಲ್ಲವನ್ನೂ ಮುಚ್ಚಿದರು. ನಮ್ಮ ಸಭೆಗಳಲ್ಲಿ 457 ಕಾಲೇಜು ತೆರೆದ ದಶಕ ಅಂತ ಹೆಮ್ಮೆಯಿಂದ ಭಾಷಣ ಮಾಡುತ್ತಾರೆ. ಮುಚ್ಚಿದ ಈ 12ರ ಮಾತು ಅಲ್ಲಿ ಅಪರೂಪ.

ಪ್ರಶ್ನೆ: ಲೈಬ್ರರಿಯನ್ ಅಧ್ಯಾಪಕರಿಗೆ ಸಮವೇ? ನಮ್ಮ ಮನೆಯಲ್ಲಿ ಇದೇ ಜಗಳ. ನಾನು ಲೈಬ್ರರಿಯನ್, ಯಜಮಾನರು ಲೆಕ್ಚರರ್.

ನಿಮ್ಮ ಮನೆಯ ಜಗಳಕ್ಕೆ ನಾನು ಬರುವುದಿಲ್ಲ. ಅಮೆರಿಕದ ಕಥೆ ಹೇಳುತ್ತೇನೆ, ಬೇಕಾದರೆ ರಾತ್ರಿ ಊಟದ ಹೊತ್ತಿಗೆ ಉಪಯೋಗಿಸಿಕೊಳ್ಳಿ.

1971ರಲ್ಲಿ ಎಸಿಆರ್‌ಎಲ್ ಕಾಲೇಜು ಲೈಬ್ರರಿಯನ್‌ಗಳಿಗೆ ಅಧ್ಯಾಪಕರ ಸ್ಥಾನ ಕೊಡಬೇಕು ಅಂತ ಮಾನದಂಡ ಒಪ್ಪಿತು. 1975ರಲ್ಲಿ, ಲೈಬ್ರರಿ ಸೈನ್ಸ್‌ನ ಮಾಸ್ಟರ್ಸ್ ಪದವಿಯೇ ಈ ವೃತ್ತಿಗೆ ಕೊನೆಯ ಪದವಿ, ಇದರ ಮೇಲೆ ಪಿಎಚ್‌ಡಿ ಕೇಳಬೇಡಿ ಅಂತ ಹೇಳಿತು. ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಮೂಗು ಮುರಿಯುವವರು ಇದ್ದೇ ಇದ್ದರು. ಅಲ್ಲಿ ಪಿಎಚ್‌ಡಿ ಇಲ್ಲದವರು ಅರ್ಧ ಮನುಷ್ಯರು. ಕಮ್ಯುನಿಟಿ ಕಾಲೇಜಿನಲ್ಲಿ ಪಾಠ ಮಾಡುವವರಲ್ಲಿ ಹೆಚ್ಚಿನವರದೂ ಮಾಸ್ಟರ್ಸೇ. ಹಾಗಾಗಿ ಈ ಒಂದು ವಿಷಯದಲ್ಲಿ ಹಿತ್ತಿಲ ಕೋಣೆಯವರು ಹಜಾರದವರಿಗಿಂತ ಸುಖವಾಗಿದ್ದರು. ಅಧ್ಯಾಪಕರ ಯೂನಿಯನ್ ಇರುವ ಎಷ್ಟೋ ಕಮ್ಯುನಿಟಿ ಕಾಲೇಜುಗಳಲ್ಲಿ ಲೈಬ್ರರಿಯನ್ ಕೂಡ ಅದೇ ಒಪ್ಪಂದದೊಳಗೆ ಬರುತ್ತಾರೆ.

ಇದಕ್ಕೂ ಹಳೆಯ ಒಂದು ಉದಾಹರಣೆ ಇದೆ. ಮಿಸೌರಿ ರಾಜ್ಯದ ಕೊಲಂಬಿಯಾ ಊರಿನ ಸ್ಟೀಫನ್ಸ್ ಕಾಲೇಜು ಆಗ ಹೆಣ್ಣುಮಕ್ಕಳ ಎರಡು ವರ್ಷದ ಕಾಲೇಜು. 1931ರಲ್ಲಿ ಅಲ್ಲಿಗೆ ಬಂದ ಬಿ. ಲಮಾರ್ ಜಾನ್ಸನ್ ಎರಡು ಹುದ್ದೆಯನ್ನೂ ಒಟ್ಟಿಗೆ ನೋಡಿಕೊಂಡರು. ಲೈಬ್ರರಿಯನ್ ಕೂಡ ಅವರೇ, ಪಾಠಗಳ ಡೀನ್ ಕೂಡ ಅವರೇ. ಪಾಠ ಮತ್ತು ಲೈಬ್ರರಿ ಬೇರೆ ಬೇರೆ ಅಲ್ಲ ಅನ್ನುವುದು ಅವರ ಪ್ರಯೋಗ. ಬಜೆಟ್ ಕೇಳುವವನೂ ಕೊಡುವವನೂ ಒಬ್ಬನೇ ಆದರೆ ಮಾನದಂಡದ ಜೆರಾಕ್ಸ್ ತೆಗೆಯುವ ಕೆಲಸವೇ ಇಲ್ಲ ನೋಡಿ.

ಪ್ರಶ್ನೆ: ನನ್ನ ಮಗಳು ನ್ಯೂಯಾರ್ಕ್ ರಾಜ್ಯದಲ್ಲಿ ಲೈಬ್ರರಿ ಸೈನ್ಸ್ ಮುಗಿಸಿದ್ದಾಳೆ. ಕಮ್ಯುನಿಟಿ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಈ ಸಂಘಕ್ಕೆ ದುಡ್ಡು ಕಟ್ಟಿ ಸೇರಬೇಕೆ?
(ಒಬ್ಬ ತಾಯಿ)

ಮಗಳಿಗೆ ಅಭಿನಂದನೆ ಹೇಳಿ. ಮೊದಲು ಒಂದು ವಿಷಯ. ನೇರವಾಗಿ ಈ ವಿಭಾಗಕ್ಕೆ ಸೇರಲು ಆಗುವುದಿಲ್ಲ. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್‌ಗೆ ಕಟ್ಟಬೇಕು, ಅದರ ಮೇಲೆ ಎಸಿಆರ್‌ಎಲ್‌ಗೆ ಕಟ್ಟಬೇಕು, ಆಮೇಲೆ ವಿಭಾಗ ಆರಿಸಿಕೊಳ್ಳಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದು ಭಾರವೇ. ಸಮ್ಮೇಳನಕ್ಕೆ ಹೋಗುವುದು ಅದಕ್ಕಿಂತ ಭಾರ. ನಾನು ಶಿಕಾಗೋ ಪಕ್ಕದಲ್ಲೇ ಇದ್ದೆ. ಸಂಘದ ಹಳೆಯ ಕಚೇರಿ ಇದ್ದದ್ದು ಅಲ್ಲಿನ ಈಸ್ಟ್ ಹ್ಯೂರಾನ್ ಬೀದಿಯಲ್ಲಿ, ಲೋಕಲ್ ರೈಲು ಹತ್ತಿದರೆ ಆಯಿತು. ದೂರದ ಚಿಕ್ಕ ಕಾಲೇಜಿನವರು ಬಂದರೆ ಅಲ್ಲಿ ಲೈಬ್ರರಿಗೇ ಬೀಗ. ಸಭೆಗಳಿಗೆ ಬಂದೂ ಬಂದೂ ಅದೇ ಮುಖಗಳು ಕಾಣಿಸುತ್ತಿದ್ದದ್ದು ಅದಕ್ಕೇ.

ಹಾಗಾಗಿ ಮೊದಲ ಒಂದೆರಡು ವರ್ಷ ರಾಜ್ಯದ ಮಟ್ಟದ ಸಂಘವನ್ನು ನೋಡಲಿ. ನ್ಯೂಯಾರ್ಕ್‌ನಲ್ಲಿ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯ ಲೈಬ್ರರಿಯನ್‌ಗಳಿಗೆ ಸನಿಲಾ ಅನ್ನುವ ಸಂಘ ಇದೆ. ಅಲ್ಲಿನ 30 ಕಮ್ಯುನಿಟಿ ಕಾಲೇಜುಗಳೂ ಅದೇ ವ್ಯವಸ್ಥೆಗೆ ಸೇರಿದವು. ಚಂದಾ ಕಡಿಮೆ, ಊರುಗಳೂ ಹತ್ತಿರ. ನಿಜ ಹೇಳಬೇಕೆಂದರೆ ನನಗೂ ದಿನದ ಕೆಲಸಕ್ಕೆ ಹೆಚ್ಚು ಉಪಯೋಗವಾದದ್ದು ನಮ್ಮ ರಾಜ್ಯದ ಕಾಲೇಜುಗಳ ಕೂಟವೇ. ಕಾಲೇಜುಗಳು ಒಟ್ಟಾಗಿ ಡೇಟಾಬೇಸ್ ಕೊಂಡರೆ ಬೆಲೆ ಇಳಿಯುತ್ತದೆ. ಆ ಕೆಲಸ ರಾಷ್ಟ್ರೀಯ ವಿಭಾಗ ಮಾಡಿಕೊಡುವುದಿಲ್ಲ.

ಹಾಗಂತ ರಾಷ್ಟ್ರೀಯ ವಿಭಾಗ ಬೇಡವೇ ಬೇಡ ಅನ್ನುತ್ತಿಲ್ಲ. ಕಾಲೇಜು ಖರ್ಚು ಕೊಟ್ಟರೆ ಸೇರಲಿ, ಸೇರಿದರೆ ಸಮಿತಿಯೊಂದಕ್ಕೆ ಹೆಸರು ಕೊಡಲಿ. ಈಗ ಹೆಚ್ಚಿನ ಸಮಿತಿಗಳು ಆನ್‌ಲೈನ್‌ನಲ್ಲೇ ಸೇರುತ್ತವೆ, ಪ್ರಯಾಣದ ಖರ್ಚಿಲ್ಲ. ಸುಮ್ನೆ ಸದಸ್ಯಳಾಗಿ ರಸೀದಿ ಇಟ್ಟುಕೊಂಡರೆ ಪ್ರಯೋಜನ ಇಲ್ಲ. ಎಸಿಆರ್‌ಎಲ್ 2000ದಿಂದ ಉತ್ತಮ ಲೈಬ್ರರಿಗಳಿಗೆ ಪ್ರಶಸ್ತಿ ಕೊಡುತ್ತಿದೆ. ಅದರಲ್ಲಿ ಕಮ್ಯುನಿಟಿ ಕಾಲೇಜಿಗೆ ಬೇರೆಯೇ ವರ್ಗ ಇದೆ. ಗೆದ್ದವರ ಅರ್ಜಿಗಳಲ್ಲಿ ಏನು ಮಾಡಿದ್ದಾರೆ ಅಂತ ಓದಿದರೆ ಹೊಸಬರಿಗೆ ಒಳ್ಳೆಯ ಪಾಠ. ಈ ಕಾಲೇಜುಗಳ ಲೈಬ್ರರಿಗಳಿಗೆಂದೇ 1982ರಲ್ಲಿ ಒಂದು ಪತ್ರಿಕೆಯೂ ಶುರುವಾಯಿತು. ಅವಳು ಓದಿದ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಸಿಗಬಹುದು, ಕೇಳಲಿ.

ಸಂದರ್ಶನದಲ್ಲಿ ಅವಳೂ ಕೆಲವು ಪ್ರಶ್ನೆ ಕೇಳಲಿ. ಪೂರ್ಣಾವಧಿ ಲೈಬ್ರರಿಯನ್ ಎಷ್ಟು ಜನ? ಸಂಜೆ ಮತ್ತು ಶನಿವಾರ ಯಾರು ಇರುತ್ತಾರೆ? ನನ್ನ ಹುದ್ದೆ ಅಧ್ಯಾಪಕರ ಒಪ್ಪಂದದಲ್ಲಿ ಬರುತ್ತದೆಯೇ? ಸಂಘದ ಚಂದಾ ಮತ್ತು ಪ್ರಯಾಣಕ್ಕೆ ವರ್ಷಕ್ಕೆ ಎಷ್ಟು ಡಾಲರ್? ನಾಲ್ಕಕ್ಕೂ ಅಂಕಿಯಲ್ಲಿ ಉತ್ತರ ಸಿಗದಿದ್ದರೆ, ಆಫರ್ ಪತ್ರಕ್ಕೆ ಸಹಿ ಹಾಕುವ ಮೊದಲು ಈಮೇಲ್‌ನಲ್ಲಿ ಇನ್ನೊಮ್ಮೆ ಕೇಳಿ ಬರವಣಿಗೆಯಲ್ಲಿ ತೆಗೆದುಕೊಳ್ಳಲಿ.